ಗೋಂದಣ್ಣನ ರಟ್ಟು

ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಯಜಮಾನರಿಗೂ ಅವನು ಗೋಂದಣ್ಣನೇ, ಎದುರಿನ ಪ್ರೆಸ್ಸಿನಿಂದ ಹಾಳೆ ಹೊತ್ತು ತರುವವನಿಗೂ ಗೋಂದಣ್ಣನೇ. ಅಂಟು ಕಾಯಿಸುವುದು, ಅಂಟು ಹಚ್ಚುವುದು, ಪುಸ್ತಕದ ಬೆನ್ನಿಗೆ ಬಟ್ಟೆ ಕೂರಿಸುವುದು ಅವನ ಕೆಲಸ. ಅಚ್ಚಾದ ದೊಡ್ಡ ಹಾಳೆಗಳನ್ನು, ನಮ್ಮ ಮಾತಲ್ಲಿ ಫಾರಂಗಳನ್ನು, ಮಡಚಿ ಹೊಲಿಯುವುದು ನನ್ನದು. ಒಂದೇ ಮೇಜಿನ ಆ ತುದಿಗೆ ಅವನು, ಈ ತುದಿಗೆ ನಾನು. ನನ್ನ ಸೂಜಿ ಒಂದು ಪುಸ್ತಕ ಮುಗಿಸುವಷ್ಟರಲ್ಲಿ ನನ್ನ ಬಾಯಿ ಮೂರು ಮನೆಯ ಸುದ್ದಿ ಮುಗಿಸಿರುತ್ತಿತ್ತು. ಅವನು "ಹೂಂ" ಎನ್ನುತ್ತಿದ್ದ. ಕೆಲವು ದಿನ ಅದನ್ನೂ ಖರ್ಚು ಮಾಡದೆ ಮನೆಗೆ ಒಯ್ಯುತ್ತಿದ್ದ.

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಗೋಂದಣ್ಣನ ಹೆಂಡತಿಯನ್ನು ಒಂದು ಮಾತು ಕೇಳಬೇಕಿತ್ತು. ಆ ಬಂಗಾರದ ಜೊತೆ ಸಂಸಾರ ಮಾಡಿ ಮಾಡಿ ಸಾಕಾಗಿ, ಅಕ್ಕನ ಮನೆಗೆ ಹೋಗಿಬರುತ್ತೇನೆ ಎಂದು ಒಂದು ಮಧ್ಯಾಹ್ನ ಹೊರಟವಳು ಬರಲೇ ಇಲ್ಲ. ಜಗಳವಿಲ್ಲ, ಹೊಡೆತ ಬಡಿತವಿಲ್ಲ, ಕುಡಿತವಿಲ್ಲ. "ಗೋಡೆ ಜೊತೆ ಎಷ್ಟು ವರ್ಷ ಅಂತ ಇರ್ಲಿ?" ಎಂದಳಂತೆ, ಕರೆಯಲು ಹೋದವರ ಹತ್ತಿರ. ಮಕ್ಕಳೂ ಇರಲಿಲ್ಲ. ನೀನೇ ಹೋಗಿ ಕರೆಯಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ.

"ಹೋಗಿದ್ದೆ ತಂಗ್ಯಮ್ಮ. ಬಾಗಿಲ ತನಕ ಹೋದೆ. ಏನ್ ಹೇಳ್ಬೇಕು ಅಂತ ತಿಳೀಲಿಲ್ಲ. ವಾಪಸ್ ಬಂದೆ."

ನನಗೆ ಮೈಯೆಲ್ಲ ಉರಿಯಿತು. ಬಾಗಿಲ ತನಕ ಕಾಲು ಸವೆಸಿದವನಿಗೆ "ಬಾರೆ" ಎಂಬ ಎರಡಕ್ಷರ ಸಿಗಲಿಲ್ಲವೇ? ಚೆನ್ನಾಗಿ ಬೈದೆ. ಅದಕ್ಕೂ "ಹೂಂ" ಎಂದ.

ನಮ್ಮ ಕೆಲಸದ ಒಂದು ಕಟ್ಟುನಿಟ್ಟನ್ನು ಇಲ್ಲಿ ಹೇಳಬೇಕು. ಮೇಜಿನ ಹತ್ತಿರ ನೀರು ಸುಳಿಯಕೂಡದು. ಒಂದು ಹನಿ ಬಿದ್ದರೆ ಹಾಳೆ ಹೋಯಿತು, ಹಾಳೆ ಹೋದರೆ ಪುಸ್ತಕವೇ ಹೋಯಿತು. ಹಾಗಾಗಿ ನಮ್ಮಲ್ಲಿ ಯಾರೂ ಕೈ ತೊಳೆಯುವುದಿಲ್ಲ. ಅಂಟನ್ನು ಕೈಮೇಲೇ ಒಣಗಲು ಬಿಟ್ಟು, ಏಪ್ರನ್ನಿಗೆ ಉಜ್ಜಿ, ಎದ್ದು ಹೋಗುತ್ತೇವೆ. ಗೋಂದಣ್ಣನಂತೂ ಬ್ರಷ್ಷನ್ನು ಮುಟ್ಟುತ್ತಲೇ ಇರಲಿಲ್ಲ. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬ್ರಷ್ಷಿಗೆ ತಿಳಿಯುವುದಿಲ್ಲ ಎನ್ನುವುದು ಅವನ ವಾದ. ಬೆರಳಲ್ಲೇ ಹಚ್ಚುತ್ತಿದ್ದ. ಅವನು ಕೂರಿಸಿದ ಬೆನ್ನು ಬಿಚ್ಚಿ ಬಂದದ್ದನ್ನು ನಾನು ನೋಡಿಲ್ಲ.

ರಟ್ಟು ಅವನಿಗೆ ಸಿಕ್ಕಿದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಪುಸ್ತಕಕ್ಕೆ ಹಾಕುವ ರಟ್ಟಿನ ಹಾಳೆಗಳನ್ನು ಅಲ್ಲಿ ಪೇರಿಸಿಡುತ್ತೇವೆ. ಆ ಪೇರಿಕೆಯ ಹಿಂದೆ ಒಂದು ನಾಯಿಮರಿ ಮುದುರಿಕೊಂಡಿತ್ತು, ರಟ್ಟಿನದೇ ಬಣ್ಣ; ಹೆಸರೂ ಅದೇ ಆಯಿತು. ಯಜಮಾನರು ಆಚೆ ಹಾಕಿ ಎಂದರು. ಗೋಂದಣ್ಣ ಅದನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದ. ಮಾರನೆಯ ದಿನ ನಾನು ಕೇಳದೆಯೇ ಬಾಯಿ ಬಿಟ್ಟ: "ಹಾಲು ಕುಡೀತು." ಆ ಮೇಜಿನಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಆಮೇಲೆ ದಿನವೂ ಒಂದು ಸುದ್ದಿ. ರಟ್ಟು ಚಪ್ಪಲಿ ಕಡಿಯಿತು, ರಟ್ಟು ಕನ್ನಡಿ ನೋಡಿ ಬೊಗಳಿತು, ರಟ್ಟುಗೆ ಅವನ ಹೆಜ್ಜೆ ಸಪ್ಪಳ ಗೊತ್ತು. ಹೆಂಡತಿಗೆ ಕೂಡಿಟ್ಟ ಮಾತೆಲ್ಲ ನಾಯಿಗೆ ಕೊಟ್ಟೆಯಲ್ಲೋ ಮಹಾರಾಯ ಎಂದು ನಾನು ಕಾಲೆಳೆಯುತ್ತಿದ್ದೆ. ಅವನು ನಗುತ್ತಿದ್ದ.

ಒಂದು ಸಂಜೆ ಅವನು ಕನ್ನಡಕವನ್ನು ಮೇಜಿನ ಮೇಲೆ ಮರೆತು ಹೋದ. ನನ್ನ ದಾರಿಯೇ ಎಂದು ಕೊಟ್ಟು ಹೋಗಲು ಹೊರಟೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಅವನ ಕೋಣೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಮೇಲೆ ಉದ್ದನೆಯ ಓಣಿಯಂಥ ವರಾಂಡ, ಅದರ ತುದಿಗೆ ಎಲ್ಲ ಕೋಣೆಗಳಿಗೂ ಸೇರಿ ಒಂದು ನಲ್ಲಿ. ಬಾಗಿಲು ತೆರೆದೇ ಇತ್ತು. ಒಂದು ಮಂಚ, ಒಂದು ಕುರ್ಚಿ, ಒಂದು ಸ್ಟವ್. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಗೋಂದಣ್ಣ ಮಂಚದ ತುದಿಯಲ್ಲಿ ಕೂತು ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಬಿಚ್ಚಿಟ್ಟಿದ್ದ. ರಟ್ಟು ಅವನ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ನೆಕ್ಕುತ್ತಿತ್ತು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು, ಯಾವುದನ್ನೂ ಬಿಡುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿದ್ದ. ಮುಖದ ಗಂಟುಗಳೆಲ್ಲ ಸಡಿಲಾಗಿದ್ದವು. ನೋಡಬಾರದ್ದನ್ನು ನೋಡಿದೆ ಅನಿಸಿ ನಾನು ಎರಡು ಹೆಜ್ಜೆ ಹಿಂದೆ ಸರಿದು ಕೆಮ್ಮಿದೆ.

"ದಿನಾ ಹೀಗೇ ತಂಗ್ಯಮ್ಮ," ಎಂದ, ಕನ್ನಡಕ ಇಸಿದುಕೊಳ್ಳುತ್ತ. "ನಾನು ಬರೋದನ್ನೇ ಕಾಯ್ತಿರುತ್ತೆ. ಕೈ ಕೊಡೋ ತನಕ ಬಿಡಲ್ಲ."

ನನ್ನ ಮನೆಯಲ್ಲಿ ಅತ್ತೆ, ಗಂಡ, ಮಕ್ಕಳು. ಮೈಗೆ ಮೈ ತಾಗದೆ ಒಂದು ಲೋಟ ನೀರು ಕುಡಿಯಲಾಗದ ಮನೆ. ಮೆಟ್ಟಿಲಿಳಿಯುವಾಗ, ಹೆಂಡತಿ ಹೋದಮೇಲೆ ಆ ಕೈಯನ್ನು ಮುಟ್ಟಿದ ಜೀವ ಇದೊಂದೇ ಇರಬೇಕು ಎಂದು ಅನಿಸಿತು.

ರಟ್ಟು ದೊಡ್ಡದಾಯಿತು. ಕೆಲವು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಅದರ ಹೊಟ್ಟೆ ಕೆಡಲು ಶುರುವಾಯಿತು. ಮೊದಮೊದಲು ಅಪರೂಪಕ್ಕೆ, ಬರಬರುತ್ತ ವಾರಕ್ಕೆ, ಕೊನೆಗೆ ದಿನವೂ. ಭೇದಿ, ಅದರಲ್ಲಿ ಲೋಳೆ, ನಡುನಡುವೆ ವಾಂತಿ. ಹೊಟ್ಟೆಯೊಳಗಿನ ಗುಡುಗುಡು ಸದ್ದು ಕೋಣೆಯ ಈ ಮೂಲೆಗೆ ಕೇಳಿಸುತ್ತದೆ ಎನ್ನುತ್ತಿದ್ದ. ಪುಕ್ಕಟೆ ಸಲಹೆಗೆ ಏನು ಬರ? ಯಜಮಾನರು ಒಂದು ಹೇಳಿದರು, ಪ್ರೆಸ್ಸಿನವನು ಒಂದು, ಕೆಳಗಿನ ಸೈಕಲ್ಲಿನವನು ಒಂದು. ಎಲ್ಲವನ್ನೂ ಮಾಡಿದ. ರಟ್ಟುವಿನ ಪಕ್ಕೆಲುಬು ಎಣಿಸುವ ಹಾಗಾಯಿತು.

"ನಾಯಿ ಡಾಕ್ಟ್ರ ಹತ್ರ ನಡಿ, ನಾನೂ ಬರ್ತೀನಿ," ಎಂದೆ. "ಮಾತು ಬಾರದ ಎರಡು ಪ್ರಾಣಿ ಹೋಗಿ ಅಲ್ಲಿ ಏನು ಹೇಳ್ತೀರ?"

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೂದಲು ಗಿಡ್ಡ, ಮಾತು ಚುರುಕು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ರಟ್ಟುವನ್ನು ಸ್ಟೀಲ್ ಮೇಜಿನ ಮೇಲೆ ನಿಲ್ಲಿಸಿ ಹೊಟ್ಟೆ ಹಿಸುಕಿದಳು, ವಸಡು ನೋಡಿದಳು, ತೂಕ ಮಾಡಿದಳು. ಅವಳು ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಟ್ಟೆ. ಗೋಂದಣ್ಣ ನಾಯಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ.

ಅವಳು ಒಮ್ಮೆಲೇ ಏನೂ ಹೇಳಲಿಲ್ಲ. ಈ ಕಾಯಿಲೆಯನ್ನು ನೇರವಾಗಿ ಹಿಡಿಯಲಾಗುವುದಿಲ್ಲವಂತೆ; ಬೇರೆ ಯಾವುದೂ ಅಲ್ಲ ಎಂದು ಒಂದೊಂದನ್ನೇ ತಳ್ಳಿಹಾಕುತ್ತ ಬರಬೇಕಂತೆ. ಹುಳವಿದೆಯೇ ಎಂದು ಮಲ ಪರೀಕ್ಷೆ, ಇರಲಿ ಎಂದು ಹುಳದ ಮಾತ್ರೆ. ಲಿವರ್ ಸರಿ, ಮೂತ್ರಪಿಂಡ ಸರಿ. ರಕ್ತದಲ್ಲಿ ಪ್ರೋಟೀನ್ ಕಡಿಮೆ, ಬಿ ಟ್ವೆಲ್ವ್ ಕಡಿಮೆ. ಸ್ಕ್ಯಾನ್ ಮಾಡಿ ನೋಡಿದರೆ ಕರುಳಿನ ಗೋಡೆ ದಪ್ಪ.

"ಕರುಳು ಉರಿತಾ ಇದೆ," ಎಂದಳು. "ತಿನ್ನೋದ್ರಲ್ಲಿ ಯಾವುದೋ ಒಂದರ ಮೇಲೆ ಅದರ ಕರುಳು ಜಗಳಕ್ಕೆ ನಿಂತಿದೆ ಅನ್ಸುತ್ತೆ. ಇದುವರೆಗೂ ಏನೇನ್ ಕೊಟ್ಟಿದ್ದೀರಿ?"

"ನಾನು ತಿನ್ನೋದೇ," ಎಂದ ಗೋಂದಣ್ಣ. ಬ್ರೆಡ್ಡು, ಹಾಲು, ಮೊಟ್ಟೆ, ಮಾಂಸದ ಚೂರು.

"ಅದೆಲ್ಲ ಬಂದ್. ಮೀನು ತಿಂದಿದೆಯಾ? ಇಲ್ವಾ? ಸರಿ. ಒಂದೇ ಜಾತಿ ಮೀನು, ಆಲೂಗಡ್ಡೆ, ಎರಡನ್ನೂ ನೀರಲ್ಲಿ ಬೇಯ್ಸಿ ಕೊಡಿ. ಉಪ್ಪಿಲ್ಲ, ಎಣ್ಣೆ ಇಲ್ಲ. ಇನ್ನೇನೂ ಬಾಯಿಗೆ ಹೋಗಬಾರದು. ಒಂದು ಬಿಸ್ಕತ್ತಿನ ಪುಡಿ ಬಿದ್ದರೂ ಪರೀಕ್ಷೆ ಹಾಳು. ತಿಳೀತಾ?"

"ಹೂಂ," ಎಂದ. ಈ ಸಲದ ಹೂಂ ಕೋರ್ಟಿನಲ್ಲಿ ಪ್ರಮಾಣ ಮಾಡಿದಂತಿತ್ತು.

ಮಾಡಿದ್ದೂ ಹಾಗೆಯೇ. ಮುಂಜಾನೆ ಮೀನು ತಂದು ಬೇಯಿಸಿ, ಮುಳ್ಳು ಆರಿಸಿ, ಆಲೂಗಡ್ಡೆ ಕಿವುಚಿ ಇಟ್ಟು ಕೆಲಸಕ್ಕೆ ಬರುತ್ತಿದ್ದ. ಪಕ್ಕದ ಕೋಣೆಯವರು ವಾಸನೆಗೆ ಮೂಗು ಮುರಿದರು. ಸೈಕಲ್ಲಿನವನು ನಾಯಿಗೆ ಅಡುಗೆಭಟ್ಟನನ್ನು ಇಟ್ಟಿದ್ದೀರಾ ಎಂದು ಗೇಲಿ ಮಾಡಿದ. ತನ್ನ ಬ್ರೆಡ್ಡಿನ ಪುಡಿ ನೆಲಕ್ಕೆ ಬಿದ್ದೀತೆಂದು ಗೋಂದಣ್ಣ ಕೋಣೆಯಲ್ಲಿ ಊಟ ಮಾಡುವುದನ್ನೇ ಬಿಟ್ಟ. ರಸ್ತೆಯಲ್ಲಿ ನಿಂತು ತಿಂದು, ಬಾಯಿ ಒರೆಸಿಕೊಂಡು, ಅಂಗಿ ಕೊಡವಿಕೊಂಡು ಮೇಲೆ ಹೋಗುತ್ತಿದ್ದ. ಅಷ್ಟೆಲ್ಲ ಮಾಡಿದರೂ ಭೇದಿ ನಿಲ್ಲಲಿಲ್ಲ.

"ಏನೋ ಕೊಡ್ತಾ ಇದ್ದೀರಿ," ಎಂದಳು ಡಾಕ್ಟರಮ್ಮ, ಮುಖ ಗಂಟಿಕ್ಕಿ.

"ದೇವರಾಣೆಗೂ ಇಲ್ಲ."

"ಹಾಗಿದ್ರೆ ಬೇರೆ ಯಾರೋ ಕೊಡ್ತಿದ್ದಾರೆ."

ನಾನು ಪತ್ತೇದಾರಿಕೆಗೆ ಇಳಿದೆ. ಸೈಕಲ್ಲಿನವನನ್ನು ಹಿಡಿದು ಝಾಡಿಸಿದೆ. ಪಕ್ಕದ ಕೋಣೆಗಳ ಬಾಗಿಲು ಬಡಿದು ವಿಚಾರಿಸಿದೆ. ಆ ಮೀನಿನ ನಾಯಿಯನ್ನು ನಾವು ಮುಟ್ಟಿಯೂ ನೋಡಿಲ್ಲ ತಾಯಿ ಎಂದು ಎಲ್ಲರೂ ಕೈ ಮುಗಿದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ, ಆದರೆ ಅದು ಆಗ ಯಾರಿಗೆ ಗೊತ್ತಿತ್ತು?

ಆಹಾರದಲ್ಲಿ ಬಗ್ಗದಿದ್ದಾಗ ಸ್ಟೀರಾಯ್ಡ್ ಮಾತ್ರೆ ಬಂತು. ಮೊದಲು ಪವಾಡವೇ ಆಯಿತು ಅಂದುಕೊಂಡೆವು. ಭೇದಿ ಕಡಿಮೆಯಾಯಿತು, ರಟ್ಟು ಎದ್ದು ಓಡಾಡಿತು. ಜೊತೆಗೆ ಬಕೆಟ್‌ಗಟ್ಟಲೆ ನೀರು ಕುಡಿಯಿತು, ಕಂಡಕಂಡಲ್ಲಿ ಉಚ್ಚೆ ಹೊಯ್ದಿತು, ಕೂತಲ್ಲೇ ಏದುಸಿರು ಬಿಟ್ಟಿತು. ಹಸಿವೋ ಹಸಿವು. ಸಂಜೆ ಕೈಯನ್ನು ಚರ್ಮ ಕಿತ್ತು ಬರುವ ಹಾಗೆ ನೆಕ್ಕುತ್ತದೆ ಎಂದ ಗೋಂದಣ್ಣ, ಅದು ತನ್ನ ಮೇಲಿನ ಪ್ರೀತಿ ಹೆಚ್ಚಾದದ್ದೆಂದು ಒಳಗೊಳಗೇ ಹಿಗ್ಗುತ್ತ. ಮಾತ್ರೆ ಇಳಿಸುತ್ತ ಬಂದ ಹಾಗೆ ಎಲ್ಲವೂ ಮತ್ತೆ ಮೊದಲಿನಂತಾಯಿತು.

ಕೊನೆಗೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಟ್ಟುಗೆ ಅರಿವಳಿಕೆ ಕೊಟ್ಟು ಒಳಗೆ ಒಯ್ದಾಗ, ಬಿಚ್ಚಿಕೊಟ್ಟ ಕೊರಳಪಟ್ಟಿಯನ್ನು ಹಿಡಿದುಕೊಂಡು ಗೋಂದಣ್ಣ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು, ನಿಮ್ಮ ನಾಯಿಗೆ ಏನಾಗಿದೆ ಎಂದು ಕೇಳಿದಳು. ಅವನು ಕೊರಳಪಟ್ಟಿಯನ್ನು ಎತ್ತಿ ತೋರಿಸಿದ. ಫಲಿತಾಂಶ ಬಂದಾಗ ಅದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು: ಉರಿಯೂತ ಇದೆ, ಕ್ಯಾನ್ಸರ್ ಕಾಣುವುದಿಲ್ಲ; ಉರಿಯೂತ ಯಾಕೆ ಎಂಬುದನ್ನು ಮಾಂಸದ ಚೂರು ಹೇಳುವುದಿಲ್ಲ.

ಅಷ್ಟರಲ್ಲಿ ರಕ್ತದ ಪ್ರೋಟೀನ್ ಇನ್ನೂ ಇಳಿದು ರಟ್ಟುವಿನ ಹೊಟ್ಟೆಯಲ್ಲಿ ನೀರು ತುಂಬಲು ಶುರುವಾಗಿತ್ತು. ಕಾಲು ಕಡ್ಡಿ, ಹೊಟ್ಟೆ ಗುಡಾಣ. ಡಾಕ್ಟರಮ್ಮ ಈ ಸಲ ನಮ್ಮನ್ನು ಕೂರಿಸಿ ಮಾತಾಡಿದಳು.

"ಇನ್ನೊಂದು ಔಷಧಿ ಇದೆ, ಇದಕ್ಕಿಂತ ಜೋರಿನದು. ಇವತ್ತಿಂದ ಶುರು ಮಾಡೋಣ. ಅದಕ್ಕೂ ಬಗ್ಗದಿದ್ರೆ, ಅಣ್ಣ, ಅದನ್ನ ನರಳಿಸ್ಬಾರ್ದು."

ರಸ್ತೆಗೆ ಬಂದಮೇಲೆ ಅವನು ನಿಂತ. "ಸಾಯ್ಸೋದು ಅಂತಾನಾ ಅವ್ರು ಅಂದದ್ದು?"

ಬಾಯಿಬಡುಕಿ ಎಂದು ಹೆಸರಾದ ನಾನು ಅವತ್ತು "ಹೂಂ" ಎಂದಷ್ಟೇ ಹೇಳಿದೆ.

ಆಮೇಲಿನ ದಿನಗಳಲ್ಲಿ ರಟ್ಟುವನ್ನು ಹಗಲೆಲ್ಲ ಆಸ್ಪತ್ರೆಯಲ್ಲೇ ಬಿಟ್ಟು ಡ್ರಿಪ್ ಹಾಕಿಸಬೇಕಾಯಿತು. ಒಂದು ಮಧ್ಯಾಹ್ನ ಗೋಂದಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆನ್ನಿಗೆ ಅಂಟು ಹಚ್ಚಿದ್ದ ಪುಸ್ತಕವನ್ನು ಅರ್ಧಕ್ಕೇ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ ಎದ್ದ. ನಾನೂ ಸೂಜಿ ಚುಚ್ಚಿಟ್ಟು ಹಿಂದೆ ಓಡಿದೆ. ಆಸ್ಪತ್ರೆಯಲ್ಲಿ ರಟ್ಟು ಮೇಜಿನ ಮೇಲೆ ತಲೆ ಕೆಳಗೆ ಹಾಕಿ ಮಲಗಿತ್ತು. ಕರೆದರೂ ಕಿವಿ ಅಲ್ಲಾಡಲಿಲ್ಲ. ಗೋಂದಣ್ಣ ಹತ್ತಿರ ಹೋದದ್ದೇ ಅದರ ಮೂಗು ಅರಳಿತು. ಎಲ್ಲಿತ್ತೋ ಶಕ್ತಿ, ತಲೆಯೆತ್ತಿ ಅವನ ಕೈ ನೆಕ್ಕಲು ಶುರುಮಾಡಿತು.

"ನೋಡಿ, ಅದಕ್ಕೆ ಎಷ್ಟು ಪ್ರೀತಿ ನಿಮ್ಮ ಮೇಲೆ," ಎಂದಳು ಡಾಕ್ಟರಮ್ಮ. ಅವಳ ಕಣ್ಣೂ ತುಂಬಿತ್ತು. ಹಾಗೆಯೇ ನೋಡುತ್ತ ನಿಂತವಳು ಹುಬ್ಬು ಗಂಟಿಕ್ಕಿದಳು. ಮುಂದೆ ಬಂದು ಅವನ ಮಣಿಕಟ್ಟು ಹಿಡಿದು ಕೈಯನ್ನು ದೀಪದ ಕೆಳಗೆ ತಂದಳು. "ಇದೇನು ಬಿಳೀದು?"

"ಏನಿಲ್ಲ."

"ಉಗುರಲ್ಲೆಲ್ಲ ತುಂಬಿದೆಯಲ್ಲ ಅಣ್ಣ."

"ಅದಾ? ಅಂಟು."

"ಯಾವುದರ ಅಂಟು?"

"ಮೈದಾದ್ದು. ಬೆನ್ನಿಗೆ ಹಚ್ಚೋದು ಬೇರೆ. ಚರ್ಮ ಮೂಳೆ ಬೇಯ್ಸಿ ಗಟ್ಟಿ ಮಾಡಿರ್ತಾರಲ್ಲ, ಬಡಗಿಗಳೂ ಹಾಕ್ತಾರೆ, ಅದು."

"ಮೈಲುತುತ್ತದಂಥ ವಿಷ ಏನಾದ್ರೂ ಸೇರಿಸ್ತೀರಾ?"

"ಹುಳ ಬೀಳ್ದಿರ್ಲಿ ಅಂತ ಬೇರೆಯವರು ಹಾಕ್ತಾರೆ. ನಾನು ಹಾಕಲ್ಲ. ದಿನಾ ಬೆಳಿಗ್ಗೆ ಹೊಸದು ಕಾಯಿಸ್ತೀನಿ," ಎಂದ, ತುಸು ಹೆಮ್ಮೆಯಿಂದಲೇ.

ಡಾಕ್ಟರಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. "ಗೋಧಿ ಬೇಡ, ಮಾಂಸ ಬೇಡ ಅಂತ ನಾನು ಇಲ್ಲಿ ಬಾಯಿ ಬಡ್ಕೊಳ್ತಿದ್ರೆ ನೀವು ಎರಡನ್ನೂ ಬೆರಳಿಗೆ ಮೆತ್ಕೊಂಡು ಮನೆಗೆ ಹೋಗ್ತಿದ್ರಾ? ದಿನಾ?"

"ಅದು ತಿನ್ನೋದಲ್ಲ ಡಾಕ್ಟ್ರಮ್ಮ," ಎಂದ ಗೋಂದಣ್ಣ, ಮಗುವಿಗೆ ವಿವರಿಸುವವನಂತೆ. "ಅಂಟ್ಸೋದು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನಮಗೆ ಬೇಕಾಯಿತು ನೋಡಿ. ಊರೆಲ್ಲ ಝಾಡಿಸಿ ಬಂದ ನಾನು ದಿನವಿಡೀ ಅದೇ ಮೇಜಿನಲ್ಲಿ ಕೂರುವವಳು, ಆ ನಾಯಿ ಆ ಕೈ ನೆಕ್ಕುವುದನ್ನು ಕಣ್ಣಾರೆ ಕಂಡವಳು. ನನಗೂ ಹೊಳೆಯಲಿಲ್ಲ. ಅಂಟಿನ ನಡುವೆ ಬದುಕುವವರಿಗೆ ಅಂಟು ಮೈದಾ ಎಂಬುದೇ ಮರೆತುಹೋಗಿರುತ್ತದೆ. ಡಾಕ್ಟರಮ್ಮ ತನ್ನನ್ನೂ ಬೈದುಕೊಂಡಳು: "ಏನು ತಿನ್ನುತ್ತೆ ಅಂತ ಕೇಳ್ದೆ, ಏನು ನೆಕ್ಕುತ್ತೆ ಅಂತ ಕೇಳ್ಲೇ ಇಲ್ಲ."

ಗೋಂದಣ್ಣನಿಗೆ ಅರ್ಥವಾದದ್ದು ನಿಧಾನವಾಗಿ. ಮನೆಗೆ ಹೋಗುವ ದಾರಿಯಲ್ಲಿ ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ನಡೆದ. "ನಾನೇ ತಿನ್ನಿಸ್ದೆ ತಂಗ್ಯಮ್ಮ," ಎಂದ. "ದಿನಾ ಕೂತು, ಕೈ ಚಾಚಿ, ನಾನೇ ತಿನ್ನಿಸ್ದೆ." ನಾನು ಏನೇನೋ ಸಮಾಧಾನ ಹೇಳಿದೆ. ಅವನ ಕಿವಿಗೆ ಯಾವುದೂ ಹೋಗಲಿಲ್ಲ.

ಮಾರನೆಯ ದಿನದಿಂದ ಏಪ್ರನ್ ಅಂಗಡಿಯಲ್ಲೇ ಉಳಿಯಿತು. ಸಂಜೆ ಅವನು ಕೋಣೆಯ ಬಾಗಿಲು ತೆರೆಯುವ ಮೊದಲು ವರಾಂಡದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಸೋಪು, ಉಗುರಿಗೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಮತ್ತೆ ಸೋಪು. ನೀರು ವ್ಯರ್ಥ ಎಂದು ಪಕ್ಕದವರು ಗೊಣಗಿದರು. ಮೊದಲ ದಿನ ಒಳಗಿನಿಂದ ರಟ್ಟು ಬಾಗಿಲು ಕೆರೆಯುವುದು ಕೇಳುತ್ತಿದ್ದರೂ ಅವನು ತೊಳೆಯುತ್ತಲೇ ಇದ್ದನಂತೆ.

ರಟ್ಟು ಬದುಕಿತು. ಹೊಸ ಔಷಧಿ, ಬಿ ಟ್ವೆಲ್ವ್ ಸೂಜಿ, ಮೀನು, ಆಲೂಗಡ್ಡೆ, ತೊಳೆದ ಕೈ. ಹೊಟ್ಟೆಯ ನೀರು ಇಳಿಯಿತು, ಭೇದಿ ನಿಂತಿತು, ಪಕ್ಕೆಲುಬು ಮರೆಯಾಯಿತು. ಮಾತ್ರೆಗಳನ್ನು ಒಂದೊಂದಾಗಿ ಇಳಿಸಿ ಕೊನೆಗೆ ನಿಲ್ಲಿಸಿಯೂ ಬಿಟ್ಟರು. ಸೈಕಲ್ಲಿನವನು ಕೂಡ ಒಳ್ಳೆ ಕರುವಿನ ಹಾಗಾಗಿದೆ ಎಂದ. ನಾನು ಅಂಗಡಿಗೆಲ್ಲ ಸಿಹಿ ಹಂಚಿದೆ. ಗೋಂದಣ್ಣ ತನ್ನ ಪಾಲಿನ ಸಿಹಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ.

"ಯಾಕಣ್ಣ, ಸಾವಿನ ಬಾಯಿಂದ ಎದ್ದು ಬಂದಿದೆ, ನಗಬಾರ್ದಾ?"

"ಬಂದಿದೆ," ಎಂದ. ಸಿಹಿಯನ್ನು ಮೇಜಿನ ಮೇಲಿಟ್ಟು ಹೇಳಿದ: "ಕೈ ಹತ್ರ ಬರಲ್ಲ ಈಗ. ಮೊದಲನೇ ದಿನ ಎದ್ದು ಬಂತು. ಮೂಸಿ ನೋಡ್ತು. ಸೋಪಿನ ವಾಸನೆ. ತಿರುಗಿ ಹೋಗಿ ಬಾಗಿಲ ಹತ್ರ ಮಲಗ್ತು. ಅಲ್ಲಿಂದೀಚೆಗೆ ಬರೋದನ್ನೇ ಬಿಟ್ಟಿದೆ."

"ಬರುತ್ತೆ ಬಿಡು."

"ಇಷ್ಟು ವರ್ಷ ನನ್ನನ್ನ ಕಾಯ್ತಿತ್ತು ಅಂದ್ಕೊಂಡಿದ್ದೆ. ಅಂಟಿಗೆ ಕಾಯ್ತಿತ್ತು."

ನನಗೆ ರೇಗಿತು. ನಾಯಿಗಾದರೂ ಹೊಟ್ಟೆ ಇಲ್ಲವೇ, ನನ್ನ ಗಂಡನೂ ಮೊದಲು ಪಾತ್ರೆ ಮುಚ್ಚಳ ತೆಗೆದು ನೋಡಿ ಆಮೇಲೆ ನನ್ನ ಮುಖ ನೋಡುತ್ತಾನೆ, ಹಾಗಂತ ನಾನು ಮುಖ ಊದಿಸಿಕೊಂಡು ಕೂತಿದ್ದೇನೆಯೇ ಎಂದು ಕೂಗಾಡಿದೆ. ಅವನಿಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬರಲಿಲ್ಲ.

ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರಮ್ಮ ಹೊಸದೊಂದು ಮಾತು ತೆಗೆದಳು.

"ಒಂದು ಅನುಮಾನ ಉಳ್ಕೊಂಡಿದೆ ಅಣ್ಣ. ಹೊಸ ಔಷಧಿ ಶುರು ಮಾಡಿದ ಕಾಲಕ್ಕೇ ಅಂಟೂ ನಿಲ್ತು. ಯಾವುದರಿಂದ ವಾಸಿಯಾಯ್ತು ಅಂತ ನನಗೂ ಖಾತ್ರಿ ಇಲ್ಲ. ತಿಳೀಬೇಕಾದ್ರೆ ಒಂದೇ ದಾರಿ. ಮತ್ತೆ ನೆಕ್ಕಿಸಿ ನೋಡ್ಬೇಕು."

ಗೋಂದಣ್ಣ ತಲೆಯೆತ್ತಿದ.

"ನೆಕ್ಕಿದ್ರೂ ಏನೂ ಆಗ್ಲಿಲ್ಲ ಅಂದ್ರೆ ಅಂಟಿನ ತಪ್ಪಲ್ಲ. ನೀವು ಮೊದಲಿನ ಹಾಗೇ ಇರಬಹುದು. ಮತ್ತೆ ಕೆಟ್ಟರೆ ತಕ್ಷಣ ನಿಲ್ಲಿಸಿಬಿಡೋಣ, ಬಹುಶಃ ಬೇಗ ಸರಿಹೋಗುತ್ತೆ. ನಿಮ್ಮಿಷ್ಟ, ಬಲವಂತ ಇಲ್ಲ."

ದಾರಿಯುದ್ದಕ್ಕೂ ಅವನ ನಡಿಗೆಯೇ ಬೇರೆಯಾಗಿತ್ತು. ಮದುವೆ ಗೊತ್ತಾದವನ ಹಾಗೆ ಇದ್ದ ಎಂದರೂ ತಪ್ಪಿಲ್ಲ. ಮಾರನೆಯ ದಿನ ಕೆಲಸ ಮುಗಿದಾಗ ಒಂದು ಸಣ್ಣ ಡಬ್ಬಿಯಲ್ಲಿ ಅಂಟು ತುಂಬಿಕೊಂಡ.

"ನೀನೂ ಬಾ ತಂಗ್ಯಮ್ಮ. ಒಬ್ಬನೇ ಇದ್ರೆ ಕೈ ನನ್ನ ಮಾತು ಕೇಳುತ್ತೋ ಇಲ್ವೋ."

ಇದೇನು ಮಾತು ಎಂದು ನನಗೆ ತಿಳಿಯಲಿಲ್ಲ. ಆದರೂ ಹೋದೆ. ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು ಅವನು ಮಂಚದ ತುದಿಯಲ್ಲಿ ಕೂತ. ರಟ್ಟು ನಮ್ಮನ್ನು ನೋಡಿ ಬಾಲ ಆಡಿಸಿ, ಹೋಗಿ ಬಾಗಿಲ ಹತ್ತಿರ ಮಲಗಿತು. ತುಂಬಿದ ಮೈ, ಹೊಳೆಯುವ ಕೂದಲು. ಗೋಂದಣ್ಣ ಡಬ್ಬಿ ತೆರೆದು ಎರಡು ಬೆರಳಲ್ಲಿ ಅಂಟು ತೆಗೆದು, ಪುಸ್ತಕದ ಬೆನ್ನಿಗೆ ಹಚ್ಚುವಷ್ಟೇ ಶ್ರದ್ಧೆಯಿಂದ ತನ್ನ ಎಡ ಅಂಗೈಗೆ ಹಚ್ಚಿದ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಕೈಯನ್ನು ಮಂಡಿಯ ಮೇಲಿಟ್ಟ.

ರಟ್ಟುವಿನ ಮೂಗು ಎದ್ದಿತು. ಕಿವಿ ನೆಟ್ಟಗಾಯಿತು. ಮರುಕ್ಷಣ ಅದು ನೆಲ ಬಿಟ್ಟು ಹಾರಿ ಬಂತು. ಬಾಲವಲ್ಲ, ಮೈಯೇ ಕುಣಿಯುತ್ತಿತ್ತು. ಗಂಟಲಿನಿಂದ ಸಣ್ಣ ಮಕ್ಕಳ ಅಳುವಿನಂಥ ಸದ್ದು. ಬಂದು ಅವನ ಎರಡು ಮಂಡಿಗಳ ನಡುವೆ ತಲೆ ತೂರಿಸಿತು. ಗೋಂದಣ್ಣನ ಮುಖದಲ್ಲಿ ಆಗ ಬಂದ ಬೆಳಕನ್ನು ನಾನು ಹೇಳಲಾರೆ. ನೆಕ್ಕಲಿ, ಒಂದು ಸಲ ನೆಕ್ಕಿಬಿಡಲಿ, ಆದದ್ದಾಗಲಿ ಎಂದು ನನ್ನ ಮನಸ್ಸೇ ಕೂಗಿಕೊಂಡಿತು.

ನಾಲಿಗೆ ತಾಗುವ ಮೊದಲೇ ಅವನು ಮುಷ್ಟಿ ಬಿಗಿದ. ಕೈಯನ್ನು ತಲೆಯ ಮೇಲೆತ್ತಿ ಎದ್ದು ನಿಂತ. ರಟ್ಟು ಹಿಂಗಾಲಿನ ಮೇಲೆ ನಿಂತು ಅವನ ಮೊಣಕೈ ತನಕ ಜಿಗಿಯಿತು. ಅದನ್ನು ಮೊಣಕಾಲಿನಿಂದ ತಡೆಯುತ್ತ, ಬಾಗಿಲು ಅರ್ಧ ತೆರೆದು ನುಸುಳಿ ಹೊರಗೆ ಹೋದ. ನಲ್ಲಿಯ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿತು. ರಟ್ಟು ಬಾಗಿಲು ಕೆರೆಯಿತು. ಕೆರೆದು ಕೆರೆದು ಸುಮ್ಮನಾಯಿತು.

ಅವನು ಒಳಗೆ ಬಂದಾಗ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ರಟ್ಟು ಆ ಕೈಯನ್ನು ಮೂಸಿ, ಬಾಗಿಲ ಹತ್ತಿರ ತನ್ನ ಜಾಗಕ್ಕೆ ಹೋಯಿತು.

"ಯಾಕಣ್ಣ?" ಎಂದೆ. "ಏನೂ ಆಗದೇ ಇದ್ದಿದ್ರೆ?"

"ಆಗದಿದ್ರೆ ನನಗೆ ಒಳ್ಳೇದು. ಏನಾದ್ರೂ ಆದ್ರೆ ಅದಕ್ಕೆ ನೋವು. ನನ್ನ ಆಸೆಗೆ ಅದರ ಹೊಟ್ಟೆ ಯಾಕೆ ಪಣಕ್ಕಿಡ್ಲಿ? ಡಾಕ್ಟ್ರಮ್ಮ 'ಬಹುಶಃ' ಅಂದ್ರಲ್ಲ, ನೀನು ಕೇಳ್ಸ್ಕೊಂಡ್ಯಾ?"

"ಅವರಿಗೆ ಏನ್ ಹೇಳ್ತೀಯ?"

"ನೆಕ್ತು, ಕೆಡ್ತು, ನಿಲ್ಲಿಸ್ದೆ ಅಂತೀನಿ."

ಜೀವನದಲ್ಲಿ ಅವನು ಹೇಳಲಿರುವ ಸುಳ್ಳು ಅದೊಂದೇ ಇರಬೇಕು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ನನ್ನ ಚೀಲಕ್ಕೆ ಸೇರಿಸಿದ. ಮೀನು ಆಲೂಗಡ್ಡೆಯ ತಟ್ಟೆಯನ್ನು ಬಾಗಿಲ ಹತ್ತಿರವೇ ಒಯ್ದಿಟ್ಟ. ರಟ್ಟು ತಲೆಯೆತ್ತದೆ ತಿಂದಿತು. ಅವನು ದೂರದಲ್ಲಿ ನಿಂತು ನೋಡಿದ.

ನಾನು ಹೊರಡಲು ಎದ್ದೆ. ಏನಾದರೂ ಹೇಳಬೇಕಿತ್ತು. ಮೂರು ಮನೆಯ ಸುದ್ದಿ ಹೇಳುವ ಬಾಯಿಗೆ ಒಂದು ಪದ ಸಿಗಲಿಲ್ಲ. ಬಾಗಿಲಲ್ಲಿ ಅವನ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಉಜ್ಜಿ ಉಜ್ಜಿ ಕೆಂಪಾದ, ಒರಟಾದ, ಬಿಸಿಯಾದ ಕೈ. ಅವನು ಗಾಬರಿಯಾದ. ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ನಿಂತ. ಆಮೇಲೆ ಮೆಲ್ಲಗೆ ಬಿಡಿಸಿಕೊಂಡ.

"ಒದ್ದೆ ಇದೆ ತಂಗ್ಯಮ್ಮ," ಎಂದ.

ಅದು ಆಗಲೇ ಒಣಗಿತ್ತು.